ಗುಡಿಸುವವರು ಯಾರು?

“2050ನೇ ಇಸವಿಯಲ್ಲಿ ನಮ್ಮ ಕಾಸರಗೋಡು ಹೇಗಿರುತ್ತದೆ ಎಂಬುದನ್ನು ಇನ್ನು ನೋಡೋಣ” ಎಂದು ಎರ್ನಾಕುಳದಿಂದ ಬಂದಿದ್ದ ಸಲಹೆಗಾರರು ಪರದೆಯತ್ತ ಕೈತೋರಿಸಿದಾಗ, ಆ ಹೊತ್ತಿಗೆ ತಾನು ಎಲ್ಲಿರುತ್ತೇನೆಂಬುದು ಚೆನ್ನಾಗಿ ಗೊತ್ತಿದ್ದ ಮಾಸ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಈಗ ಸೇವಾ ಸಂಸ್ಥೆಗಳಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಪರದೆ ಮಾತನಾಡುತ್ತದೆ, ಬಂದವರು ಅದಕ್ಕೆ ಕೋಲು ತೋರಿಸುತ್ತಾರೆ. ನಮ್ಮ ಕ್ಲಬ್ಬಿನಲ್ಲಂತೂ ಪರದೆಯ ಮೇಲೆ ಇಂಗ್ಲಿಷ್, ವಿವರಣೆಗೆ ಮಲಯಾಳ, ಧನ್ಯವಾದ ಸಮರ್ಪಣೆಗೆ ಮಾತ್ರ ಕನ್ನಡ ಎಂಬ ಒಪ್ಪಂದ ಯಾರೂ ಮಾಡದೆಯೇ ಜಾರಿಯಲ್ಲಿದೆ. ಚಂದ್ರಗಿರಿ ಹೊಳೆಯ ದಂಡೆಯುದ್ದಕ್ಕೂ ನಡೆದಾಡುವ ಕಟ್ಟೆ, ರಸ್ತೆ ದಾಟಲು ಗಾಜಿನ ಆಕಾಶಸೇತುವೆ, ಕಾಗೆಯೂ ಕೂರಲು ಸಂಕೋಚಪಡುವಂಥ ಬಸ್ ನಿಲ್ದಾಣ, ಎಲ್ಲವೂ ಒಂದರ ಹಿಂದೊಂದು ಬಂದವು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನ ಯಾವ ಚಿತ್ರದಲ್ಲಿಯೂ ಒಂದೇ ಒಂದು ಕೊಡೆ ಇರಲಿಲ್ಲ.

ಪ್ರಶ್ನೆಗಳಿಗೆ ಐದು ನಿಮಿಷ ಎಂದು ಅಧ್ಯಕ್ಷರು ಗಂಟೆ ಬಾರಿಸಿದರು. ಮಾಸ್ಟ್ರು ಎದ್ದು ನಿಂತರು.

“ಬಹಳ ಚೆನ್ನಾಗಿದೆ. ಇದನ್ನೆಲ್ಲ ಗುಡಿಸುವವರು ಯಾರು?”

ಅದು ಕಾರ್ಯಾಚರಣೆಯ ವಿಷಯವೆಂದೂ ತಮ್ಮ ವರದಿಯ ವ್ಯಾಪ್ತಿಗೆ ಬರುವುದಿಲ್ಲವೆಂದೂ ಸಲಹೆಗಾರರು ವಿನಯದಿಂದ ತಿಳಿಸಿ ಸ್ಮರಣಿಕೆ ಸ್ವೀಕರಿಸಿದರು. ಪ್ರಶ್ನೆ ಮಾತ್ರ ಊಟದ ಮೇಜಿನವರೆಗೂ ನಮ್ಮ ಜೊತೆಗೇ ಬಂತು.

“ಮಾಸ್ಟ್ರೇ, ಅಷ್ಟು ದೂರದಿಂದ ಬಂದವರನ್ನು ಹಾಗೆ ಕೇಳಬಾರದಿತ್ತು” ಎಂದರು ಡಾಕ್ಟರು, ಚಪಾತಿ ಹರಿಯುತ್ತ. “ದೂರದೃಷ್ಟಿ ಎಂಬುದೊಂದು ಬೇಡವೇ?”

“ಬೇಕು ಡಾಕ್ಟರೇ. ಆದರೆ ನಮ್ಮವರಿಗೆ ಈಗ ಬರೀ ದೂರದೃಷ್ಟಿಯೇ ಆಗಿ, ಕಾಲಬುಡದ ಚರಂಡಿ ಕಾಣುವುದಿಲ್ಲ. ನೀವು ಇಂಥವರಿಗೆ ಕನ್ನಡಕ ಬರೆದುಕೊಡುವವರಲ್ಲವೇ?”

ಭಟ್ಟರಿಗೆ ಇಷ್ಟು ಸಾಕಾಯಿತು. “ನಮಗೇನು ದರ್ಶನ ಕಡಿಮೆಯಾಗಿದೆಯೇ? 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದಾಗ ಒಂದು ದರ್ಶನ, 1984ರಲ್ಲಿ ಜಿಲ್ಲೆಯಾದಾಗ ಮತ್ತೊಂದು. 2012ರಲ್ಲಿ ನಮ್ಮ ಹಿಂದುಳಿದಿರುವಿಕೆಯನ್ನು ಅಳೆಯಲು ಪ್ರಭಾಕರನ್ ಆಯೋಗ ಬಂತು, 11 ಸಾವಿರ ಕೋಟಿಗೂ ಹೆಚ್ಚಿನ ಯೋಜನೆಗಳನ್ನು ಸೂಚಿಸಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಎದೆನೋವು ಬಂದವನು ಈಗಲೂ ಗಡಿಯ ತಲಪಾಡಿ ದಾಟಿ ಮಂಗಳೂರಿನ ಬಳಿಯ ದೇರಳಕಟ್ಟೆಯ ಆಸ್ಪತ್ರೆಗಳಿಗೇ ಓಡುತ್ತಾನೆ.”

“ಆ ಹನ್ನೊಂದು ಸಾವಿರ ಕೋಟಿಯಲ್ಲಿ ಒಂದು ಸೊನ್ನೆಯನ್ನಾದರೂ ಇತ್ತ ಕಳಿಸಿದ್ದರೆ ನನ್ನ ಅಂಗಡಿಯ ಮುಂದಿನ ಚರಂಡಿಗೆ ಚಪ್ಪಡಿಯ ಬದಲು ಅದನ್ನೇ ಮುಚ್ಚುತ್ತಿದ್ದೆ” ಎಂದರು ಹಾಜಿಗಳು.

ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಲೆಕ್ಕ ತಪ್ಪಿದರೆ ನಿದ್ದೆ ಬಾರದ ರೈಗಳು ಅಷ್ಟರಲ್ಲಿ ಕಾಗದದ ಕರವಸ್ತ್ರದ ಮೇಲೆ ಗೆರೆ ಎಳೆದಾಗಿತ್ತು. “ಮಾಸ್ಟ್ರ ಪ್ರಶ್ನೆ ತಮಾಷೆಯದ್ದಲ್ಲ. ಸರಕಾರದಿಂದ ನಗರಸಭೆಗೆ ಬರುವ ಹಣ ಮೂರು ಚೀಲಗಳಲ್ಲಿ ಬರುತ್ತದೆ: ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ಉದ್ದೇಶ ನಿಧಿ. ಕೇಂದ್ರ ಹಣಕಾಸು ಆಯೋಗದ ಅನುದಾನ ಬೇರೆ. ಅದರಲ್ಲಿಯೂ ದೊಡ್ಡ ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಕಟ್ಟು. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಊರಿನ ಯೋಜನೆಯನ್ನು ಊರಿನವರೇ ರೂಪಿಸುವ ಕ್ರಮ, ಆರಂಭವಾದಾಗ ರಾಜ್ಯದ ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವುದೆಂದಾಯಿತು. ಅದು ಸಣ್ಣ ಮಾತಲ್ಲ. ಆದರೆ ಅಭಿವೃದ್ಧಿಯ ಹಣದಲ್ಲಿ ಗೋಡೆ ಏಳುತ್ತದೆ. ಗೋಡೆಯ ಬುಡ ತೊಳೆಯುವವನ ದಿನಗೂಲಿಗೆ ಬಹುಮಟ್ಟಿಗೆ ಊರಿನ ಸ್ವಂತ ವರಮಾನವೇ ಬೇಕು. ಅಂದರೆ ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಪರವಾನಗಿ ಶುಲ್ಕ, ಅಂಗಡಿ ಕೋಣೆಗಳ ಬಾಡಿಗೆ.”

“ಕಟ್ಟಡ ತೆರಿಗೆಯ ಸುದ್ದಿ ಎತ್ತಬೇಡಿ. 2023ರಿಂದ ವರ್ಷವರ್ಷವೂ ಶೇಕಡಾ 5 ಏರುತ್ತಿದೆ” ಎಂದರು ಡಾಕ್ಟರು.

“ಏರಲಿ. ವೃತ್ತಿ ತೆರಿಗೆ ಏರುವುದಿಲ್ಲವಲ್ಲ!” ಎಂದರು ರೈಗಳು. “ಅದು ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು ಸಂವಿಧಾನವೇ ಹೇಳಿದೆ. ಮೊದಲು 250 ಇದ್ದುದನ್ನು 1988ರಲ್ಲಿ ಹತ್ತು ಪಟ್ಟು ಮಾಡಿದರು, ಆಮೇಲೆ ಯಾರೂ ಮುಟ್ಟಲಿಲ್ಲ.”

“1988ರಲ್ಲಿ ಡಾಕ್ಟರು ನಾಡಿ ಹಿಡಿಯಲು ತೆಗೆದುಕೊಳ್ಳುತ್ತಿದ್ದುದು ಹತ್ತು ರೂಪಾಯಿ” ಎಂದರು ಮಾಸ್ಟ್ರು. “ಅದಕ್ಕೂ ಸಂವಿಧಾನದಲ್ಲಿ ಒಂದು ಮಿತಿ ಹಾಕಿದ್ದರೆ ಊರು ಇಷ್ಟರಲ್ಲಿ ಆರೋಗ್ಯವಾಗಿರುತ್ತಿತ್ತು.”

ಡಾಕ್ಟರು ಗೋಬಿ ಮಂಚೂರಿಯ ಹುಡುಕಿಕೊಂಡು ಎದ್ದರು.

“ನನ್ನ ಲೆಕ್ಕ ಇಷ್ಟೇ” ಎಂದು ಭಟ್ಟರು ಮುಂದುವರಿಸಿದರು. “ಅಡಕೆ ಸಸಿ ನೆಡುವುದಕ್ಕೆ ಸಹಾಯಧನ ಸಿಕ್ಕೀತು, ಮಳೆಗಾಲದಲ್ಲಿ ಮರ ಹತ್ತಿ ಮದ್ದು ಬಿಡುವವನ ಕೂಲಿ ನಮ್ಮ ಕಿಸೆಯಿಂದಲೇ ಹೋಗಬೇಕು. ಅವನು ಬಾರದ ವರ್ಷ ಕೊಳೆರೋಗ ಬಂದು ತೋಟವೆಲ್ಲ ನೆಲಕ್ಕೆ.”

“ನಗರಸಭೆಯ ಮಾತು ಹಾಗಿರಲಿ, ನಾವು ಬಸ್ ಸ್ಟಾಪಿಗೆ ಕೊಟ್ಟ ತಣ್ಣೀರಿನ ಯಂತ್ರ ಏನಾಯಿತು?” ಎಂದು ಹಾಜಿಗಳು ಕೇಳಿದ್ದೇ ತಡ, ಮೇಜಿನ ಸುತ್ತ ಎಲ್ಲರಿಗೂ ಏಕಕಾಲದಲ್ಲಿ ಉಪ್ಪಿನಕಾಯಿ ಬೇಕಾಯಿತು.

ಏನಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಂತ್ರದ ನಲ್ಲಿಯನ್ನು ಯಾರೋ ಕಳಚಿಕೊಂಡು ಹೋಗಿ, ಆ ತೂತಿಗೆ ತೆಂಗಿನ ಸಿಪ್ಪೆಯ ಬೆಣೆ ಹೊಡೆದಿದ್ದಾರೆ. ಸರಪಳಿಯ ತುದಿಯಲ್ಲಿ ಸ್ಟೀಲಿನ ಲೋಟದ ಹಿಡಿ ಮಾತ್ರ ತೂಗುತ್ತಿದೆ. ಹಾಗೆಂದು ಎಲ್ಲವೂ ಹಾಳಾಗಿಲ್ಲ. ಅಂದಿನ ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ ಮತ್ತು ಉದ್ಘಾಟಕರ ಹೆಸರುಗಳಿರುವ ಗ್ರಾನೈಟ್ ಫಲಕ ಮೊನ್ನೆ ಹಾಕಿದಂತಿದೆ.

“ಸೇವಾ ಸಂಸ್ಥೆಗಳಿಗೆಲ್ಲ ಹಿರಿಯಣ್ಣನಾದ ರೋಟರಿ ಶಿಕಾಗೋದಲ್ಲಿ ಹುಟ್ಟಿದ್ದು 1905ರಲ್ಲಿ” ಎಂದು ಮಾಸ್ಟ್ರು ತರಗತಿಯ ಧ್ವನಿಗೆ ಇಳಿದರು. “ಎರಡು ವರ್ಷವಾದ ಮೇಲೆ ಅವರು ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಯಾವುದು ಗೊತ್ತೇ? ಸಾರ್ವಜನಿಕ ಶೌಚಾಲಯ. ಆಕಾಶಸೇತುವೆಯಲ್ಲ.”

“ನಮ್ಮಲ್ಲಿ ಅದರ ಉದ್ಘಾಟನೆಗೆ ಯಾವ ಗಣ್ಯರೂ ಒಪ್ಪುವುದಿಲ್ಲ. ರಿಬ್ಬನ್ ಕತ್ತರಿಸಿದ ಮೇಲೆ ದೀಪ ಬೆಳಗಿಸುವುದು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ” ಎಂದರು ರೈಗಳು.

ಎಲ್ಲರೂ ನಕ್ಕರು, ಭಟ್ಟರೊಬ್ಬರು ನಗಲಿಲ್ಲ. “ನನ್ನ ಅಕ್ಕ ಮುಳ್ಳೇರಿಯದಿಂದ ಪೇಟೆಗೆ ಬರುವ ದಿನ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ” ಎಂದರು. “ಹಳೆಯ ಅಭ್ಯಾಸ. ಬಸ್ಸಿನಲ್ಲಿ ಕಿತ್ತಳೆ ಕೊಟ್ಟರೂ ಬೇಡವೆನ್ನುತ್ತಾಳೆ. ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಮನೆಗೆ ಮುಟ್ಟಿದ ಕೂಡಲೇ ಎರಡು ಚೆಂಬು ನೀರು ಕುಡಿಯುತ್ತಾಳೆ. ಅವಳ ಪ್ರಾಯದ ಹೆಂಗಸರೆಲ್ಲ ಹಾಗೆಯೇ ಅಂತೆ.”

ಸ್ವಲ್ಪ ಹೊತ್ತು ಚಮಚಗಳ ಸದ್ದಷ್ಟೇ ಕೇಳಿಸಿತು. ಡಾಕ್ಟರು ತಟ್ಟೆ ಹಿಡಿದು ಹಿಂದಿರುಗಿದವರು ಏನನ್ನೋ ಹೇಳಲು ಬಾಯಿ ತೆರೆದು ಸುಮ್ಮನೆ ಕುಳಿತರು.

“ಒಂದು ಕೆಲಸ ಮಾಡೋಣ” ಎಂದರು ಮಾಸ್ಟ್ರು. “ಹೊಸತೇನನ್ನೂ ಕಟ್ಟುವುದು ಬೇಡ. ಇರುವ ಶೌಚಾಲಯವನ್ನು ದಿನಾ ತೊಳೆದು, ಬೆಳಗ್ಗೆ ಬಾಗಿಲು ತೆರೆದು, ರಾತ್ರಿ ಹಾಕುವವರೊಬ್ಬರ ಸಂಬಳವನ್ನು ಕ್ಲಬ್ಬಿನಿಂದಲೇ ಕೊಡುತ್ತೇವೆಂದು ನಗರಸಭೆಗೆ ಬರೆಯೋಣ.”

ಅಧ್ಯಕ್ಷರಿಗೆ ಯೋಚನೆಯಾಯಿತು. “ಅದೆಲ್ಲ ಸರಿ ಮಾಸ್ಟ್ರೇ, ಆದರೆ ಸಂಬಳಕ್ಕೆ ಫಲಕ ಹಾಕುವುದು ಎಲ್ಲಿ?”

“ಅವರ ಬೆನ್ನಿಗೆ” ಎಂದರು ಮಾಸ್ಟ್ರು.

ಕಾರ್ಯದರ್ಶಿಗಳು ನಿಯಮದ ಮಾತೆತ್ತಿದರು. ಸಂಸ್ಥೆಯ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಿಂದ ಹೊಸ ಅಧ್ಯಕ್ಷರು, ಹೊಸ ಘೋಷವಾಕ್ಯ, ಹೊಸ ಯೋಜನೆ. ಹಿಂದಿನವರು ವಹಿಸಿಕೊಂಡ ಮಾಸಿಕ ಖರ್ಚನ್ನು ಮುಂದಿನವರ ತಲೆಗೆ ಕಟ್ಟುವ ಕ್ರಮವಿಲ್ಲ. ಆದುದರಿಂದ ವಿಷಯವನ್ನು ಮುಂದಿನ ಸಮಿತಿಯ ಪರಿಶೀಲನೆಗೆ ಬಿಟ್ಟಿದೆಯೆಂದು ನಡವಳಿ ಪುಸ್ತಕದಲ್ಲಿ ದಾಖಲಿಸಬಹುದು.

“ಮುಂದಿನ ಸಮಿತಿ ಬರುವವರೆಗೆ ಜನ ತಡೆದುಕೊಂಡಿರಬೇಕೆಂದೂ ದಾಖಲಿಸಿ” ಎಂದರು ಮಾಸ್ಟ್ರು.

ಹಾಜಿಗಳು ಮಾತಿಗೆ ನಿಲ್ಲುವವರಲ್ಲ. ಅಂಗಿಯ ಒಳಕಿಸೆಯಿಂದ ಐನೂರರ ನಾಲ್ಕು ನೋಟುಗಳನ್ನು ತೆಗೆದು ಕೋಶಾಧಿಕಾರಿಗಳ ಮುಂದಿಟ್ಟು, ಇದು ಮೊದಲ ತಿಂಗಳಿಗೆ ತಮ್ಮ ಪಾಲು, ಮಿಕ್ಕವರು ಸೇರಿಸಲಿ ಎಂದರು. ಭಟ್ಟರೂ ಕಿಸೆಗೆ ಕೈಹಾಕಿದರು. ಕೋಶಾಧಿಕಾರಿಗಳು ನೋಟುಗಳನ್ನು ಮುಟ್ಟದೆ ರಶೀದಿ ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದರು.

“ಗುಡಿಸುವುದಕ್ಕೆ ನಮ್ಮ ಬಜೆಟ್ಟಿನಲ್ಲಿ ಬಾಬ್ತು ಇಲ್ಲವಲ್ಲ, ಹಾಜಿಗಳೇ” ಎಂದರು. “ಬೇಕಾದರೆ ಫಲಕದ ಬಾಬ್ತಿಗೆ ಜಮಾ ಮಾಡುತ್ತೇನೆ. ಅದರಲ್ಲಿ ಇನ್ನೂ ಜಾಗ ಇದೆ.”