ಟ್ಯಾಬ್ಲಾಯ್ಡ್ ಬರಹದಿಂದ ನೊಂದ ಮನೆಯವರಿಗೆ ಕಾನೂನಿನಲ್ಲಿ ಏನಿದೆ? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗದಗ ಜಿಲ್ಲೆಯ ಸದಸ್ಯರೊಬ್ಬರು): ವಕೀಲರಿಗೆ ನಮಸ್ಕಾರ. ನಮ್ಮ ಚಿಕ್ಕಪ್ಪನ ಮಗಳು ಆತ್ಮಹತ್ಯೆ ಮಾಡಿಕೊಂಡು ತೀರಿಹೋದ ಎರಡನೇ ವಾರಕ್ಕೆ, ನಮ್ಮ ಊರಿನ ಟ್ಯಾಬ್ಲಾಯ್ಡ್ ವಾರಪತ್ರಿಕೆಯೊಂದು ಅವಳ ಮದುವೆ ಆಲ್ಬಮ್ಮಿನ ಫೋಟೊ ಸಮೇತ ಮುಖಪುಟದಲ್ಲಿ ವರದಿ ಹಾಕಿತು. ಅವಳ ನಡತೆಯ ಬಗ್ಗೆ ಇಲ್ಲಸಲ್ಲದ್ದನ್ನೆಲ್ಲ ‘ಬಲ್ಲ ಮೂಲಗಳ’ ಹೆಸರಿನಲ್ಲಿ ಬರೆದಿದ್ದರು; ಮನೆಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ಆ ಪುಟವೇ ಕಾಣುವಂತೆ ತೂಗುಹಾಕಿದ್ದನ್ನು ಚಿಕ್ಕಪ್ಪನವರು ಸ್ವತಃ ನೋಡಿದರು. ಆಮೇಲೆ ಪತ್ರಿಕೆಯ ಕಡೆಯವರೆಂದು ಹೇಳಿಕೊಂಡ ಒಬ್ಬರು ಫೋನ್ ಮಾಡಿ, ಜಾಹೀರಾತು ಕೊಟ್ಟರೆ ಮುಂದಿನ ಕಂತು ನಿಲ್ಲಿಸುತ್ತೇವೆ ಎಂದರು. ವರದಿ ಬಂದು ತಿಂಗಳ ಮೇಲಾಯಿತು. ಕೆಲವರು ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಿ ಎನ್ನುತ್ತಾರೆ, ಕೆಲವರು ಕೋರ್ಟಿಗೆ ಹೋಗಿ ಎನ್ನುತ್ತಾರೆ. ಯಾವುದು ಸರಿ, ಅದರಿಂದ ಏನು ಸಿಗುತ್ತದೆ ಎಂದು ದಯವಿಟ್ಟು ತಿಳಿಸಿ.

ಉತ್ತರ (ವಕೀಲರು, ಧಾರವಾಡ): ನಮಸ್ಕಾರ. ಮಗಳನ್ನು ಕಳೆದುಕೊಂಡವರಿಗೆ ಇಂಥದ್ದನ್ನೂ ಎದುರಿಸುವ ಪರಿಸ್ಥಿತಿ ಬಂದಿರುವುದು ಬಹಳ ನೋವಿನ ಸಂಗತಿ. ಅವಧಿಯ ಪ್ರಶ್ನೆ ಇರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ದೈನಿಕ ಮತ್ತು ವಾರಪತ್ರಿಕೆಗಳ ವಿರುದ್ಧದ ದೂರನ್ನು ವರದಿ ಪ್ರಕಟವಾದ ಎರಡು ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ, ಅಂದರೆ ಭಾರತೀಯ ಪತ್ರಿಕಾ ಮಂಡಳಿಗೆ, ಸಲ್ಲಿಸಬೇಕು. ಅದಕ್ಕೂ ಮೊದಲು ಸಂಪಾದಕರಿಗೆ ಪತ್ರ ಬರೆದು, ವರದಿಯಲ್ಲಿ ಯಾವುದು ಸುಳ್ಳು, ಯಾವುದು ಖಾಸಗಿ, ನಿಮಗೆ ಯಾವ ತಿದ್ದುಪಡಿ ಬೇಕು ಎಂಬುದನ್ನು ತಿಳಿಸಿರಬೇಕು. ಪತ್ರಿಕೆಯ ಪುಟದಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಮತ್ತು ಮುದ್ರಣದ ಸ್ಥಳ ಇರುತ್ತವೆ. ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವರದಿಯ ಮೂಲ ಕಟಿಂಗ್, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರ, ಉತ್ತರ ಬಂದಿದ್ದರೆ ಅದರ ಪ್ರತಿ, ಮತ್ತು ಈ ವಿಷಯದಲ್ಲಿ ಯಾವ ನ್ಯಾಯಾಲಯದಲ್ಲೂ ಪ್ರಕರಣ ಬಾಕಿ ಇಲ್ಲವೆಂಬ ಘೋಷಣೆಯನ್ನು ದೂರಿಗೆ ಲಗತ್ತಿಸಬೇಕು. ಕೊನೆಯದು ಬಹಳ ಮುಖ್ಯ, ಏಕೆಂದರೆ ಕೋರ್ಟಿನಲ್ಲಿರುವ ವಿಷಯವನ್ನು ಮಂಡಳಿ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಮೊದಲು ಮಂಡಳಿಗೆ ಹೋಗುವುದು ಒಳ್ಳೆಯದು.

ಜಾಹೀರಾತಿನ ಹೆಸರಿನಲ್ಲಿ ಬಂದ ಬೆದರಿಕೆ ಬೇರೆಯೇ ವಿಷಯ. ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆಗೆ ಸಂಬಂಧಿಸಿದ್ದಾದ್ದರಿಂದ, ಕರೆ ಬಂದ ನಂಬರು, ದಿನಾಂಕ, ವೇಳೆಯನ್ನು ಬರೆದಿಟ್ಟುಕೊಂಡು ಠಾಣೆಗೆ ದೂರು ಕೊಡಿ. ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಮಂಡಳಿಯಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಮಂಡಳಿಯು ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು, ಛೀಮಾರಿ ಹಾಕಬಹುದು. ವಿಚಾರಣೆಯ ವಿವರಗಳನ್ನು ಪ್ರಕಟಿಸುವಂತೆ ಆ ಪತ್ರಿಕೆಗೇ ಸೂಚಿಸಲೂಬಹುದು. ಆದರೆ ದಂಡ ವಿಧಿಸುವ ಅಥವಾ ನಿಮಗೆ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ, ಪತ್ರಿಕೆ ಸೂಚನೆಯನ್ನು ಗಾಳಿಗೆ ತೂರಿದರೆ ಶಿಕ್ಷಿಸುವ ದಾರಿಯೂ ಇಲ್ಲ. ಹಾಗಿದ್ದರೂ ದೂರು ಕೊಡಿ ಎನ್ನುತ್ತೇನೆ, ಏಕೆಂದರೆ ಆ ವರದಿ ತಪ್ಪೆಂದು ಒಂದು ಶಾಸನಬದ್ಧ ಸಂಸ್ಥೆ ಲಿಖಿತವಾಗಿ ಹೇಳುವುದು ನಿಮ್ಮ ಚಿಕ್ಕಪ್ಪನವರಿಗೆ ಮುಖ್ಯವಾದ ಸಂಗತಿ. ಆತ್ಮಹತ್ಯೆಯ ವರದಿಗಾರಿಕೆ ಹೇಗಿರಬೇಕೆಂದು ಮಂಡಳಿಯೇ 2019ರಲ್ಲಿ ಮಾರ್ಗಸೂಚಿಯನ್ನು ಅಂಗೀಕರಿಸಿದೆ. ಅದನ್ನು ದೂರಿನಲ್ಲಿ ಉಲ್ಲೇಖಿಸಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ್, ಬೈದು ಬಿಡುವ ಸಂಸ್ಥೆಗೆ ಇಂಥ ಪತ್ರಿಕೆಗಳು ಹೆದರುತ್ತವೆಯೇ? ಮಾನಹಾನಿ ಕೇಸು ಹಾಕಿ ಜೈಲಿಗೆ ಕಳಿಸುವುದೇ ಸರಿಯಲ್ಲವೇ?

ಉತ್ತರ: ಆ ದಾರಿ ಇದೆ. ತೀರಿಹೋದವರ ಬಗ್ಗೆ ಬರೆದದ್ದೂ, ಮನೆಯವರ ಮನಸ್ಸನ್ನು ನೋಯಿಸುವ ಉದ್ದೇಶದ್ದಾಗಿದ್ದರೆ, ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯಾಗಬಹುದು. ಗರಿಷ್ಠ ಶಿಕ್ಷೆ ಎರಡು ವರ್ಷ. ಆದರೆ ಪೊಲೀಸರು ಇದಕ್ಕೆ ಎಫ್‌ಐಆರ್ ಹಾಕುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ದಾಖಲಿಸಿ, ವಕೀಲರನ್ನಿಟ್ಟು, ತಾರೀಖಿನಿಂದ ತಾರೀಖಿಗೆ ಓಡಾಡಬೇಕು. ನಮ್ಮ ಹುಬ್ಬಳ್ಳಿಯ ನ್ಯಾಯಾಲಯದ್ದೇ ಉದಾಹರಣೆ ನೋಡಿ: ಗೌರಿ ಲಂಕೇಶ್ ಅವರ ಪತ್ರಿಕೆಯಲ್ಲಿ 2008ರ ಜನವರಿಯಲ್ಲಿ ಬಂದ ವರದಿಯೊಂದರ ಬಗ್ಗೆ ರಾಜಕೀಯ ಮುಖಂಡರು ಹೂಡಿದ ಮಾನಹಾನಿ ಪ್ರಕರಣದಲ್ಲಿ, ಆರು ತಿಂಗಳ ಸಜೆಯ ತೀರ್ಪು ಬಂದದ್ದು 2016ರ ನವೆಂಬರ್‌ನಲ್ಲಿ. ವರದಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ನಾನು ಹೇಳುತ್ತಿರುವುದು ಕಾಲದ ಮಾತು. ಪಕ್ಷದ ಬೆಂಬಲ ಇರುವವರು ಎಂಟು ವರ್ಷ ಕಾಯಬಲ್ಲರು. ಕೂಲಿ ಮಾಡುವ ಮನೆಯವರು, ಒಂಟಿ ಹೆಣ್ಣುಮಗಳು ಅಷ್ಟು ವರ್ಷ ಕೋರ್ಟಿನ ಕಟ್ಟೆ ಹತ್ತಿ ಇಳಿಯಲು ಸಾಧ್ಯವೇ?

ಅಧಿಕಾರ ಇರುವವರಿಗೆ ಇನ್ನೂ ಹತ್ತಿರದ ದಾರಿಗಳಿವೆ. ಶಾಸಕರ ವಿರುದ್ಧ ಬರೆದದ್ದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆ, ಎಂದು 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಒಂದು ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಿತು. ದೂರುದಾರರೂ ತೀರ್ಪುಗಾರರೂ ಒಂದೇ ಸದನದವರಾಗಿರುವ ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪತ್ರಿಕೆಯ ಮಾತಿಗೆ ಜೈಲು ಎಂಬುದನ್ನೇ ಒಪ್ಪುವುದಿಲ್ಲ. ನನ್ನನ್ನು ಕಾಡುವ ಸಂಗತಿಯೆಂದರೆ, ಬಲವುಳ್ಳವರನ್ನು ಮುಟ್ಟಿದರೆ ಜೈಲು, ಬಲವಿಲ್ಲದವರ ಮನೆಯ ಸಾವನ್ನು ಮಾರಿಕೊಂಡರೆ ಛೀಮಾರಿಯೂ ಅನುಮಾನ ಎನ್ನುವಂಥ ವ್ಯವಸ್ಥೆಯನ್ನು ನಾವು ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದೇವೆ. ನಿಯಂತ್ರಣ ದುರ್ಬಲವಾಗಿದೆ ಎಂದರೆ ಎಲ್ಲರಿಗೂ ಸಮನಾಗಿ ದುರ್ಬಲವಾಗಿದೆ ಎಂದಲ್ಲ.

ಪ್ರಶ್ನೆ (ಹಾವೇರಿ ಜಿಲ್ಲೆಯ ವರದಿಗಾರರು): ನಾನು ಸಣ್ಣ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತೇನೆ. ತುಂಗಭದ್ರೆಯ ಮರಳು, ಪಂಚಾಯಿತಿಯ ಬಿಲ್ಲುಗಳ ಬಗ್ಗೆ ಬರೆದು ಬೆದರಿಕೆ ಉಂಡವನು. ಮಂಡಳಿಗೆ ಹಲ್ಲು ಬಂದರೆ ಅದು ಮೊದಲು ಕಚ್ಚುವುದು ನಮ್ಮಂಥವರನ್ನೇ ಅಲ್ಲವೇ?

ಉತ್ತರ: ನಿಮ್ಮ ಭಯ ನಿಜವಾದದ್ದು. 1966ರಲ್ಲಿ ಆರಂಭವಾದ ಮೊದಲ ಪತ್ರಿಕಾ ಮಂಡಳಿಯನ್ನು ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವೇ ರದ್ದು ಮಾಡಿತ್ತು. ಈಗಿರುವುದು 1979ರಲ್ಲಿ ಮತ್ತೆ ಬಂದದ್ದು. ಹಾಗಾಗಿ ಪರವಾನಗಿ ಕಿತ್ತುಕೊಳ್ಳುವ ಅಧಿಕಾರ ಸರ್ಕಾರದ ಕೈಗೆ ಹೋಗಬಾರದೆಂಬುದರಲ್ಲಿ ನಾನು ನಿಮ್ಮ ಪರ. ಆದರೆ ಪತ್ರಿಕೆಯವರೇ ಪತ್ರಿಕೆಯವರನ್ನು ವಿಚಾರಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ ಸಾಕ್ಷಿ. ಕೊಲೆಯಾದ ಶಾಲಾ ಬಾಲಕಿಯ ವಾಯ್ಸ್‌ಮೇಲನ್ನು ಕದ್ದು ಕೇಳಿದ್ದ ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ಟ್ಯಾಬ್ಲಾಯ್ಡ್ 2011ರಲ್ಲಿ ಮುಚ್ಚಿತು. ಸ್ವತಂತ್ರ ನಿಯಂತ್ರಣ ಬೇಕೆಂದು ನ್ಯಾಯಮೂರ್ತಿ ಲೆವೆಸನ್ 2012ರಲ್ಲಿ ವರದಿ ಕೊಟ್ಟರೂ, ದೊಡ್ಡ ಪತ್ರಿಕೆಗಳು 2014ರಲ್ಲಿ ತಮ್ಮದೇ ‘ಇಪ್ಸೊ’ ಎಂಬ ನಿಯಂತ್ರಣ ಸಂಸ್ಥೆಯನ್ನು ಕಟ್ಟಿಕೊಂಡವು. ಹತ್ತು ಲಕ್ಷ ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದ್ದರೂ ಮೊದಲ ಹತ್ತು ವರ್ಷಗಳಲ್ಲಿ ಒಮ್ಮೆಯೂ ಬಳಸಲಿಲ್ಲ. ನಮ್ಮ ಮಂಡಳಿಯ 28 ಸದಸ್ಯರಲ್ಲಿ 20 ಮಂದಿ ಸಂಪಾದಕರು, ಪತ್ರಕರ್ತರು, ಮಾಲೀಕರು ಮತ್ತು ಸುದ್ದಿಸಂಸ್ಥೆಯ ಕಡೆಯವರು, ಐವರು ಸಂಸದರು. ಓದುಗರ ಪರವಾಗಿ ಕೂರುವವರು ಯಾರು?

ನಾನು ಕೇಳುವುದು ಜೈಲನ್ನಲ್ಲ. ತಪ್ಪು ಬರೆದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕುವಂತೆ ಆದೇಶಿಸುವ, ಹಾಕದಿದ್ದರೆ ಪ್ರಸಾರಕ್ಕೆ ತಕ್ಕಂತೆ ದಂಡ ವಿಧಿಸುವ ಅಧಿಕಾರ ಮಂಡಳಿಗೆ ಬರಲಿ. ಸದಸ್ಯರಲ್ಲಿ ಹೊರಗಿನವರು ಹೆಚ್ಚಾಗಲಿ. ಮರಳಿನ ಬಗ್ಗೆ ನೀವು ಬರೆಯುವುದಕ್ಕೆ ಇದರಿಂದ ಧಕ್ಕೆಯಾಗಬೇಕಿಲ್ಲ. ಒಬ್ಬರ ಮದುವೆ, ಮನೆ, ಮಕ್ಕಳ ವಿಚಾರವನ್ನು ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ, ಆದರೆ ಅಧಿಕಾರಿಗಳ ಕರ್ತವ್ಯಕ್ಕೆ ಸಂಬಂಧಿಸಿದ ನಡವಳಿಕೆಯನ್ನು ಸತ್ಯಾಸತ್ಯತೆ ಪರಿಶೀಲಿಸಿ ಬರೆದ ಪತ್ರಿಕೆಗೆ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ರಾಜಗೋಪಾಲ್ ಪ್ರಕರಣದಲ್ಲಿ ಗೆರೆ ಎಳೆದಿದೆ. ನಿಮ್ಮ ಟಿಪ್ಪಣಿ ಪುಸ್ತಕ, ದಾಖಲೆಗಳ ಜೆರಾಕ್ಸ್, ಎದುರು ಪಕ್ಷದವರ ಹೇಳಿಕೆ ಕೇಳಿದ ದಿನಾಂಕ ಇವಿಷ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಮೇಲೆ ನೋಟಿಸು ಬಂದರೆ ಇಲ್ಲಿಯೇ ಬರೆಯಿರಿ, ಉತ್ತರವನ್ನು ಸಿದ್ಧಪಡಿಸಿ ಕೊಡುತ್ತೇನೆ.