ಬಳಗದ ಪ್ರಶ್ನೋತ್ತರ: ಟಿಆರ್‌ಎನ್‌ಎಯ ಒತ್ತು, ದೀರ್ಘ ಮತ್ತು ಅಮ್ಮನ ಕಿವಿ

ಅಡ್ಮಿನ್: ಇವತ್ತು ರಾತ್ರಿ 9ರಿಂದ 10ರವರೆಗೆ ಜೆನೆಟಿಕ್ಸ್ ಲ್ಯಾಬಿನ ನಮ್ಮ ಡಾಕ್ಟರ್ ಮೇಡಂ ಗ್ರೂಪಿನಲ್ಲಿರುತ್ತಾರೆ. ವಿಷಯ: ಟಿಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟಲು ಅಮೈನೊ ಆಮ್ಲ ಹೊತ್ತು ತರುವ ಪುಟ್ಟ ಆರ್‌ಎನ್‌ಎ. ಹೆಸರು ಬೇಡ, ನಿಮ್ಮ ಮುಂಬೈ ಲೋಕಲ್ ಸ್ಟೇಷನ್ ಹಾಕಿ ಸಾಕು. ದಯವಿಟ್ಟು ಗುಡ್‌ನೈಟ್ ಹೂವು ಹಾಕಬೇಡಿ.

ವಾಶಿ: ನಮಸ್ಕಾರ ಮೇಡಂ. ಆರ್‌ಎನ್‌ಎಗೆ ನಾಲ್ಕೇ ಅಕ್ಷರ ಅಂತ ನಾವು ಓದಿದ್ದು. ಬಿಎಸ್ಸಿ ಮಗಳ ನೋಟ್ಸಿನಲ್ಲಿ ಸ್ಯೂಡೋಯೂರಿಡಿನ್, ಇನೋಸಿನ್ ಅಂತೆಲ್ಲ ಇದೆ. ಇವು ಎಲ್ಲಿಂದ ಬಂದವು?

ಡಾಕ್ಟರ್: ಅಚ್ಚಾಗುವಾಗ ನಾಲ್ಕೇ. ಆಮೇಲೆ ಕಿಣ್ವಗಳು ತಿದ್ದುತ್ತವೆ, ನಾವು ಅಕ್ಷರಕ್ಕೆ ಒತ್ತು, ದೀರ್ಘ ಕೊಟ್ಟ ಹಾಗೆ. 1965ರಲ್ಲಿ ರಾಬರ್ಟ್ ಹಾಲಿ ಯೀಸ್ಟಿನ ಅಲನಿನ್ ಟಿಆರ್‌ಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿ ಮುಗಿಸಿದಾಗ ಇಂಥ ತಿದ್ದಿದ ಅಕ್ಷರಗಳೇ ಅವರಿಗೆ ಗುರುತಿನ ಕಲ್ಲು. ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದಕ್ಕೆ ಕೋಡಾನ್ ಎನ್ನುತ್ತೇವೆ. ಇನೋಸಿನ್ ಇದ್ದರೆ ಒಂದೇ ಟಿಆರ್‌ಎನ್‌ಎ ಮೂರು ಕೋಡಾನ್ ಓದಬಲ್ಲದು. 1966ರಲ್ಲಿ ಫ್ರಾನ್ಸಿಸ್ ಕ್ರಿಕ್ ಹೇಳಿದ ವಾಬಲ್, ಅಂದರೆ ಜೋಡಣೆಯಲ್ಲಿನ ಸಡಿಲ, ಇದೇ. ಪರೀಕ್ಷೆಗೆ ಇಷ್ಟು ಸಾಕು.

ಮುಲುಂಡ್: ಕೊರೊನಾ ಲಸಿಕೆಯಲ್ಲಿ ನಕಲಿ ಯೂರಿಡಿನ್ ಉಂಟು, ಅದು ನಮ್ಮ ಟಿಆರ್‌ಎನ್‌ಎಗೆ ಸೇರಿಕೊಳ್ಳುತ್ತದೆ ಅಂತ ಫಾರ್ವರ್ಡ್ ಬಂದಿದೆ. ಹೌದಾ?

ಡಾಕ್ಟರ್: ಅಲ್ಲ. ಎಂಆರ್‌ಎನ್‌ಎ (ಪ್ರೋಟೀನಿನ ಸಂದೇಶ ಹೊರುವ ಆರ್‌ಎನ್‌ಎ) ಲಸಿಕೆಗಳಲ್ಲಿದ್ದದ್ದು ಸ್ಯೂಡೋಯೂರಿಡಿನ್ನಿನದೇ ಒಂದು ರೂಪ. ಸ್ಯೂಡೋಯೂರಿಡಿನ್ ನಿಮ್ಮ ಹೆಚ್ಚಿನ ಟಿಆರ್‌ಎನ್‌ಎಗಳಲ್ಲಿ ಹುಟ್ಟಿನಿಂದ ಇದೆ, ಹಳತಾದದ್ದು ಮೂತ್ರದಲ್ಲಿ ಹೋಗುತ್ತದೆ. ಹೀಗೆ ತಿದ್ದಿದ ಆರ್‌ಎನ್‌ಎ ಕಂಡರೆ ರೋಗನಿರೋಧಕ ಕೋಶಗಳು ರಂಪ ಮಾಡುವುದಿಲ್ಲ ಎಂದು ವಿಜ್ಞಾನಿಗಳಾದ ಕರಿಕೊ, ವೈಸ್‌ಮನ್ 2005ರಲ್ಲಿ ತೋರಿಸಿದರು. ಅದಕ್ಕೇ 2023ರ ನೊಬೆಲ್. ಇನ್ನೊಂದು ಮಾತು: ನಮ್ಮಲ್ಲಿ ಹೆಚ್ಚಿನವರು ಚುಚ್ಚಿಸಿಕೊಂಡ ಕೋವಿಶೀಲ್ಡ್ ಎಂಆರ್‌ಎನ್‌ಎ ಲಸಿಕೆಯೇ ಅಲ್ಲ.

ಕಲ್ಯಾಣ: ಮೇಡಂ, ಮೊಣಕಾಲು ಭಾಳ ನೋಯ್ತಾವ್ರಿ. ಯಾವ ಎಣ್ಣಿ ಹಚ್ಚಲಿ?

ಡೊಂಬಿವಲಿ: ಇದು ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ ಮೇಡಂ. ನನಗೆ 34 ವರ್ಷ, ತೂಕ 43 ಕೆಜಿ. ಎರಡು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೊಳ್ತೇನೆ. ಅಮ್ಮನಿಗೂ 40ರೊಳಗೇ ಶುಗರ್ ಬಂತು, ಕಿವಿ ಮಂದ. ಅವರು ಸೀರಿಯಲ್ ಹಾಕಿದರೆ ಪಕ್ಕದ ಫ್ಲ್ಯಾಟಿನವರಿಗೂ ಕಥೆ ಗೊತ್ತಾಗುತ್ತದೆ. ಸೋದರಮಾವನಿಗೂ ಎರಡೂ ಇವೆ. ಈಚೆಗೆ ಲೋಕಲ್‌ನಲ್ಲಿ ಮುಂದಿನ ಸ್ಟೇಷನ್ ಯಾವುದೆಂದು ಹೇಳುವುದು ನನಗೂ ಸರಿಯಾಗಿ ಕೇಳಿಸುತ್ತಿಲ್ಲ. ಹನ್ನೊಂದು ವರ್ಷದ ಮಗ ಕುಳ್ಳ, ತಿಂಗಳಿಗೊಮ್ಮೆ ತಲೆನೋವು, ವಾಂತಿ.

ಡಾಕ್ಟರ್: ಇಲ್ಲಿ ಕೇಳಬೇಕಾದದ್ದೇ ಇದು. ಉಳಿದವರು ಸ್ವಲ್ಪ ತಡೆಯಿರಿ.

ತೆಳ್ಳಗಿನ ಮೈಗೆ ಸಕ್ಕರೆ, ಜೊತೆಗೆ ಕಿವಿ, ಅದೂ ತಾಯಿಯ ಕಡೆಯೇ. ಹೀಗೆ ಕಂಡರೆ ನಮಗೆ ಮೊದಲು ನೆನಪಾಗುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎಯ 3243ನೇ ಅಕ್ಷರ. ಎ ಇರಬೇಕಾದಲ್ಲಿ ಜಿ ಬಂದಿರುತ್ತದೆ. ನಿಮಗೆ ಅದೇ ಆಗಿದೆ ಎನ್ನುತ್ತಿಲ್ಲ, ಪರೀಕ್ಷಿಸದೆ ಬಿಡಬೇಡಿ ಎನ್ನುತ್ತಿದ್ದೇನೆ.

ಮೈಟೊಕಾಂಡ್ರಿಯ ತನ್ನ 13 ಪ್ರೋಟೀನುಗಳನ್ನು ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆಂದೇ 22 ಟಿಆರ್‌ಎನ್‌ಎ ಇಟ್ಟುಕೊಂಡಿದೆ. 3243 ಇರುವುದು ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೊರುವ ಒಂದರಲ್ಲಿ. ಕೋಡಾನಿಗೆ ಜೋಡಿಯಾಗುವ ಅದರ ಮೂರು ಅಕ್ಷರಗಳಲ್ಲಿ ಮೊದಲನೆಯದು ಯೂರಿಡಿನ್. ಅದಕ್ಕೆ ಟಾರಿನ್ ಎಂಬ ಸಣ್ಣ ಅಣು ಅಂಟಿರಬೇಕು. ಅಂಟಿದ್ದರೆ ಯುಯುಎ, ಯುಯುಜಿ ಎರಡೂ ಕೋಡಾನನ್ನು ಓದುತ್ತದೆ. 3243 ಕೆಟ್ಟರೆ ಟಾರಿನ್ ಕೂರುವುದಿಲ್ಲ, ಯುಯುಜಿ ಬಂದಲ್ಲೆಲ್ಲ ಓದು ಮುಗ್ಗರಿಸುತ್ತದೆ. ಅಕ್ಷರ ತಪ್ಪಿದ್ದು ಒಂದು ಕಡೆ, ಒತ್ತು ಬಿದ್ದುಹೋದದ್ದು ಇನ್ನೊಂದು ಕಡೆ. ಎಷ್ಟು ಸಲ ಪಾಠ ಮಾಡಿದರೂ ಈ ಜಾಗದಲ್ಲಿ ನಾನೇ ಒಂದು ಗಳಿಗೆ ನಿಲ್ಲುತ್ತೇನೆ. ಶಕ್ತಿ ಹೆಚ್ಚು ಬೇಡುವ ಒಳಕಿವಿ, ಇನ್ಸುಲಿನ್ ಕೋಶ, ಮಿದುಳಿಗೆ ಪೆಟ್ಟು ಹೆಚ್ಚು.

ಮೈಟೊಕಾಂಡ್ರಿಯ ಮಕ್ಕಳಿಗೆ ಬರುವುದು ತಾಯಿಯಿಂದಲೇ. ಕರಾವಳಿಯವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಲೆಕ್ಕ. ಮಾವನಿಗೆ ಬಂದೀತು, ಮಾವನ ಮಕ್ಕಳಿಗೆ ಹೋಗದು.

ಈಗ ಕೆಲಸದ ಮಾತು. ಮೆಟ್‌ಫಾರ್ಮಿನ್‌ನಿಂದ ಈ ಕಾಯಿಲೆಯವರಿಗೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ. ಹಾಗೆಂದು ನೀವಾಗಿ ನಿಲ್ಲಿಸಬೇಡಿ. ನಾಳೆಯೇ ನಿಮ್ಮ ಡಾಕ್ಟರಿಗೆ ಇದನ್ನೆಲ್ಲ ಹೇಳಿ, ಬದಲಿಸುವುದನ್ನು ಅವರು ನೋಡುತ್ತಾರೆ. ವಯಸ್ಸಾದಂತೆ ರಕ್ತದಲ್ಲಿ ಈ ದೋಷ ಕಡಿಮೆಯಾಗುತ್ತ ಹೋಗುತ್ತದೆ, ರಿಪೋರ್ಟ್ ನಾರ್ಮಲ್ ಅಂತ ಬರಬಹುದು. ಮೂತ್ರದಲ್ಲೂ ಮಾಡಿಸಿ. ಮಗನಿಗೆ ದೃಷ್ಟಿ ಅರ್ಧ ಮಸುಕಾದರೆ, ಫಿಟ್ಸ್ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಫಿಟ್ಸಿನ ಔಷಧ ವಾಲ್‌ಪ್ರೊಯೇಟ್ ಕೊಡುವ ಮೊದಲು ಈ ಅನುಮಾನ ಅಲ್ಲಿನ ಡಾಕ್ಟರ ಕಿವಿಗೆ ಹಾಕಿ.

ಘಾಟ್ಕೋಪರ್: ಟಾರಿನ್ ಎನರ್ಜಿ ಡ್ರಿಂಕಿನಲ್ಲಿ ಇರುತ್ತದಲ್ಲ! ದಿನಕ್ಕೊಂದು ಕ್ಯಾನ್ ಕೊಟ್ಟರಾಯ್ತು.

ಮುಲುಂಡ್: ಅದಕ್ಕಿಂತ ಬಂಗುಡೆ ಒಳ್ಳೆಯದು ಮಾರಾಯ್ರೆ.

ಡಾಕ್ಟರ್: ಶುಗರ್ ಇರುವವರಿಗೆ ಸಕ್ಕರೆ ನೀರು ಕುಡಿಸುವ ಬುದ್ಧಿ ಯಾರು ಕೊಟ್ಟರು? ಮೈಯಲ್ಲಿ ಟಾರಿನ್ ಕಡಿಮೆಯಾಗಿದೆ ಎಂದು ನಾನು ಹೇಳಲಿಲ್ಲ, ಅಂಟುತ್ತಿಲ್ಲ ಎಂದೆ. ಜಪಾನಿನಲ್ಲಿ ಇದೇ ದೋಷದಿಂದ ಪಾರ್ಶ್ವವಾಯುವಿನಂಥ ಪೆಟ್ಟು ಮರುಕಳಿಸುವವರಿಗೆ ದಿನಕ್ಕೆ 9ರಿಂದ 12 ಗ್ರಾಂ ಕೊಟ್ಟು ನೋಡಿದರು, 2019ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಅದು ವೈದ್ಯರು ಕೊಡುವ ಔಷಧ. ಬಂಗುಡೆ ರುಚಿಗೆ ತಿನ್ನಿ.

ಘಾಟ್ಕೋಪರ್: ಮೆಂತೆ ನೀರು 40 ದಿನ ಕುಡಿದರೆ ಮಾತ್ರೆಯೇ ಬೇಡ ಅಂತ ಒಂದು ವಿಡಿಯೋ ಇದೆ, ಹಾಕ್ತೇನೆ.

ಡಾಕ್ಟರ್: ಹಾಕಬೇಡಿ.

ಮುಲುಂಡ್: ಮೇಡಂ, ಒಂದು ಮಾತು. ಅಳಿಯಸಂತಾನ ನಮ್ಮ ಹಿರಿಯರ ಕಟ್ಟು. ಅದನ್ನು ರೋಗಕ್ಕೆ ಹೋಲಿಸಿದ್ದು ಸರಿಯಲ್ಲ.

ಕಲ್ಯಾಣ: ತಿಳೀಲಿ ಅಂತ ಹೇಳ್ಯಾರ್ರಿ. ಇದರಾಗ ಅವಮಾನ ಏನ್ ಬಂತು?

ಮುಲುಂಡ್: ನಿಮಗೆ ನಮ್ಮ ಕಟ್ಟು ಏನು ಗೊತ್ತುಂಟು?

ಘಾಟ್ಕೋಪರ್: ಒಟ್ಟಿನಲ್ಲಿ ತಪ್ಪೆಲ್ಲ ಹೆಣ್ಣಿನ ಕಡೆಯದ್ದು ಅಂತಾಯ್ತು 😄

ವಾಶಿ: ನಗುವ ವಿಷಯವಾ ಇದು? ಆಕೆ ಮಗನ ತಲೆನೋವು ಹೇಳಿಕೊಂಡಿದ್ದಾರೆ.

ಘಾಟ್ಕೋಪರ್: ತಮಾಷೆ ಗೊತ್ತಾಗದವರು ಗ್ರೂಪ್ ಬಿಡಬಹುದು.

ಅಡ್ಮಿನ್: ಘಾಟ್ಕೋಪರ್, ಇದು ಎರಡನೇ ಎಚ್ಚರಿಕೆ.

ಠಾಣೆ: ಈಗಷ್ಟೇ ಬಂದೆ. ಲಸಿಕೆಯ ನಕಲಿ ಯೂರಿಡಿನ್ ಟಿಆರ್‌ಎನ್‌ಎಗೆ ಸೇರುತ್ತದೆಯೇ?

ಡಾಕ್ಟರ್: ಮೇಲೆ ಓದಿ.

ಠಾಣೆ: ಸ್ವಲ್ಪ ವಿವರವಾಗಿ ಹೇಳಬಹುದಿತ್ತು.

ಡಾಕ್ಟರ್: ಹೇಳಿದ್ದೇನೆ. ಮೇಲೆ.

ವಾಶಿ: ಬಿ ಕಾಂಪ್ಲೆಕ್ಸ್ ತಿಂದರೆ ಟಿಆರ್‌ಎನ್‌ಎ ತಿದ್ದುವಿಕೆ ಚೆನ್ನಾಗಿ ಆಗುತ್ತದೆಯೇ ಮೇಡಂ?

ಕಲ್ಯಾಣ: ಮೊದಲ ನನ್ನ ಮೊಣಕಾಲು ಕೇಳ್ರಿ.

ಅಡ್ಮಿನ್: 10 ಗಂಟೆ ಆಯಿತು. ಮುಗಿಸೋಣ.

ಡೊಂಬಿವಲಿ: ಒಂದೇ ನಿಮಿಷ. ಅಮ್ಮನಿಗೆ ಓದಿ ಹೇಳಿದೆ, ಗಟ್ಟಿಯಾಗಿ. ಅಜ್ಜಿಗೂ ಕಿವಿ ಕೇಳುತ್ತಿರಲಿಲ್ಲವಂತೆ. ವಯಸ್ಸು ಅಂದುಕೊಂಡಿದ್ದರಂತೆ.

ಡಾಕ್ಟರ್: ಎಷ್ಟನೇ ವಯಸ್ಸಿಗೆ ಶುರುವಾಯಿತು, ಕೇಳಿ. ಅದನ್ನೂ ಬರೆದುಕೊಂಡು ಹೋಗಿ.