ಬಸ್ಯಾನ ಏಳು ರಾಜ್ಯ, ಕಾಕಾನ ಟೇಲೆಂಡು

ಬಸ್ಯಾ ಒಂದು ಲೋಕ ಸೃಷ್ಟಿ ಮಾಡ್ಯಾನ. ಕತಿ ಅಲ್ಲ, ಬರೇ ಲೋಕ. ಕತಿ ಯಾವಾಗಲೇ ಅಂದ್ರ "ಅಣ್ಣಾ, ಫಸ್ಟ್ ವರ್ಲ್ಡ್ ಬಿಲ್ಡಿಂಗು, ಕತಿ ಆಮ್ಯಾಲ" ಅಂತಾನ. ಈಗ ಇದೊಂದು ಚಾಳಿ ಎದ್ದೇತಿ ನೋಡ್ರಿ, ಮೀಸಿ ಬರೋ ಮೊದಲ ಹುಡುಗ್ರೆಲ್ಲಾ ಬ್ರಹ್ಮನ ಪೋಸ್ಟಿಗೆ ಅರ್ಜಿ ಹಾಕ್ಯಾರ, ನಕ್ಷೆ ಐತಿ, ವಂಶಾವಳಿ ಐತಿ, ಮೂರು ಚಂದ್ರ ಅದಾವು, ಮೂರಕ್ಕೂ ಬ್ಯಾರೆ ಬ್ಯಾರೆ ಅಮಾಸಿ ಅದಾವು, ಆದ್ರ ಆ ಲೋಕದಾಗ ಒಬ್ಬರೆ ಮನಷಾ ಎದ್ದು ಮಾರಿ ತೊಳ್ಕೊಂಡು ಹೊರಗ ಬಂದಾನೇನು ಅಂದ್ರ ಇಲ್ಲ.

ಗಂಗಾವತಿ ಮಿರ್ಚಿ ಅಂಗಡಿ ಬೆಂಚಿನ ಮ್ಯಾಲ ನಕ್ಷೆ ಹಾಸಿದ. ಕಲರ್ ಪ್ರಿಂಟು. ಹನುಮ್ಯಾ ತನ್ನ ವಗ್ಗರಣಿ ಪ್ಲೇಟು ಒಯ್ದು ಉತ್ತರ ಸಮುದ್ರದ ಮ್ಯಾಲ ಇಟ್ಟ.

"ಲೇ ಎಣ್ಣಿ, ಎಣ್ಣಿ ಹತ್ತೇತಿ!"

"ಅಲ್ಲೊಂದು ದ್ವೀಪ ಐತಂತ ತಿಳ್ಕೊ" ಅಂದೆ ನಾನು.

ಬಸ್ಯಾ ಎಣ್ಣಿ ಒರಸ್ಕೊಂತನ ಶುರು ಹಚ್ಚಿದ. "ಇದು ಹಿಮರಾಜ್ಯ. ವರ್ಷಾ ಪೂರ್ತಿ ಹಿಮ ಬೀಳತೈತಿ. ಜನ ಎತ್ತರ, ಬೆಳ್ಳಗ, ಕಿವಿ ಉದ್ದ. ಸಾವಿರ ವರ್ಷ ಬದಕ್ತಾರ."

"ಏನ್ ತಿಂತಾರ?" ಖಾಜಾ ಕೇಳಿದ.

"ಆಂ?"

"ಸಾವಿರ ವರ್ಷ ಬದಕಬೇಕಂದ್ರ ಏನರೆ ತಿನ್ನಬೇಕಲ್ಲಪಾ. ಹಿಮದಾಗ ಜೋಳ ಬೆಳಿಯಂಗಿಲ್ಲ."

"ಅವರು ಸೂರ್ಯನ ಬೆಳಕು ಕುಡದು ಬದಕ್ತಾರ."

"ಹಂಗಿದ್ರ ಇಲ್ಲಿಗೆ ಕರ್ಕೊಂಬಾರಲೇ, ಏಪ್ರಿಲ್-ಮೇದಾಗ ದಿನಾ ಹೋಳಗಿ ಊಟ ಅವರಿಗೆ" ಅಂದೆ. ಹನುಮ್ಯಾನ ಬಾಯಾಗಿನ ಮಂಡಾಳು ಇಡೀ ದಕ್ಷಿಣ ರಾಜ್ಯದ ಮ್ಯಾಲ ಬಿದ್ವು.

ಬಸ್ಯಾ ಹಿಂದಕ್ಕ ಸರಿಲಿಲ್ಲ. ನಡುವ ನೀಲಿ ಗೆರಿ ತೋರಿಸಿದ. ಏಳೂ ರಾಜ್ಯದಾಗ ಹರಿಯೋ ಮಾಯಾನದಿ ಅಂತ, ರಾತ್ರಿ ಹೊಳಿತೈತಂತ. ಅಲ್ಲೀತನಕ ಪೇಪರ್ ಹಿಂದಿದ್ದ ಶರಣಪ್ಪ ಕಾಕಾ ಈಗ ಕನ್ನಡಕ ಏರಿಸಿದ.

"ಇದರಾಗ ಎಡದಂಡಿ ಕಾಲುವಿ ಯಾವುದು?"

"ಕಾಲುವಿ ಇಲ್ಲ ಕಾಕಾ. ಡ್ಯಾಮೂ ಇಲ್ಲ."

"ಮತ್ತ ಏಳು ರಾಜ್ಯ ಯಾತಕ್ಕ ಬಡದಾಡತಾವು?"

"ಸ್ಫಟಿಕ ಸಿಂಹಾಸನಕ್ಕ."

"ನೀರಿಗಲ್ಲ?"

"ಅಲ್ರಿ."

ಕಾಕಾ ಪೇಪರ್ ಮಡಚಿ ತೊಡಿ ಕೆಳಗ ಇಟ್ಕೊಂಡ. ಕಾಕಾನ ಹೊಲ ಟೇಲೆಂಡಿನಾಗ ಐತಿ, ಮ್ಯಾಲಿನವರು ಕುಡದು, ತೊಳದು, ಎಮ್ಮಿ ಮೈ ತೊಳಿಸಿ, ಉಳದ್ರ ಕಾಕಾಗ. "2024ರ ಆಗಸ್ಟ್‌ನಾಗ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡೀತು. 33 ಗೇಟಿನಾಗ ಒಂದ ಗೇಟು. ನಮ್ಮ ರಾಜ್ಯ, ಆಂಧ್ರ, ತೆಲಂಗಾಣ, ಎಲ್ಲಾ ಕಡಿ ರೈತರು ಎದಿ ಬಡ್ಕೊಂಡ್ರು. ವಾರದಾಗ ಹರಿಯೋ ನೀರಿನಾಗ ಕ್ರೇನ್ ಹಚ್ಚಿ ತಾತ್ಕಾಲಿಕ ಗೇಟು ಇಳಿಸಿದ್ರು. ಅದಕ್ಕಿಂತ ದೊಡ್ಡ ಮಾಯಾ ನಾ ನೋಡಿಲ್ಲ. ನೀ ನೋಡಿದ್ರ ಕುರ್ಚಿಗೆ ಜಗಳ ಹಚ್ಚಿ."

"ಕಾಕಾ, ಅದು ಫ್ಯಾಂಟಸಿ..."

"ಟೇಲೆಂಡಿಗೆ ನೀರು ಬರೋದು ಅದಕ್ಕಿಂತ ಫ್ಯಾಂಟಸಿ" ಅಂದೆ.

ಖಾಜಾಗ ಏಳು ಅನ್ನೋ ಲೆಕ್ಕದ ಮ್ಯಾಲ ಸಿಟ್ಟು. ಎರಡು ಸಾವಿರ ವರ್ಷದಿಂದ ಅವೇ ಏಳು ರಾಜ್ಯ ಅಂದ್ರ ಹೆಂಗ? ರಾಯಚೂರಿಂದ 1997ರಾಗ ಕೊಪ್ಪಳ ಹೊರಗ ಬಂತು, ಆಮ್ಯಾಲ ಕಾರಟಗಿ, ಕನಕಗಿರಿ, ಕುಕನೂರು ಎಲ್ಲಾ ತಾಲೂಕಾದ್ವು. "ನಿನ್ನ ಲೋಕದಾಗ ಒಂದು ಹೋರಾಟ ಸಮಿತಿ ಇಲ್ಲೇನಲೇ? ಒಂದು ಬಂದ್ ಇಲ್ಲ? ಆ ಹಿಮರಾಜ್ಯ ಹಿಂದುಳದ ಭಾಗ ಐತಲ್ಲ, ಅದಕ್ಕ ನಮ್ಮ ಭಾಗಕ್ಕಿದ್ದಂಗ 371ಜೆ ಮೀಸಲಾತಿ ಕೊಟ್ಟಿ ಇಲ್ಲೋ? ಉದ್ದ ಕಿವಿ ಹುಡುಗ್ರು ಎಲಿಜಿಬಿಲಿಟಿ ಸರ್ಟಿಫಿಕೇಟ್ ಎಲ್ಲಿ ಮಾಡಸ್ಬೇಕು?"

ಬಸ್ಯಾ ಇದಕ್ಕ ಉತ್ತರ ಕೊಡದ ಅರಮನಿಗೆ ಹಾರಿದ. ಆಕಾಶದಾಗ ತೇಲೋ ಕೋಟಿ, ಮಂತ್ರದಲೆ ಕಲ್ಲು ಎತ್ತಿದ್ದು, ಕಟ್ಟಿದ್ದು ಯಾರಂದ್ರ "ಏಳನೇ ದೊರಿ". ಇಂಥಾದ್ದಕ್ಕ ನನಗ ಮೈಯೆಲ್ಲಾ ಉರೀತೈತಿ. ರಾಯಚೂರು ಕೋಟಿಗೆ ಹೋಗಿ ನೋಡಲೇ ಅಂದೆ, ಗೋಡ್ಯಾಗ 41 ಅಡಿ ಉದ್ದದ ಒಂದ ಕಲ್ಲು ಐತಿ, 1294ರಾಗ ಗೊರೆ ಗಂಗಯ್ಯ ರೆಡ್ಡಿ ಕೋಟಿ ಕಟ್ಟಿಸಿದ ಅಂತ ಅದರ ಮ್ಯಾಲ ಬರದೇತಿ, ಅಲ್ಲೇ ಆ ಕಲ್ಲನ್ನ ಬಂಡಿ ಮ್ಯಾಲ ಹಾಕಿ ಸಾಲುಗಟ್ಟಲೆ ಕೋಣ ಹೂಡಿ ಎಳ್ಕೊಂಡು ಬಂದಿದ್ದರ ಚಿತ್ರಾನೂ ಕೆತ್ಯಾರ. ಕಟ್ಟಿಸಿದವನ ಹೆಸರೂ ಐತಿ, ಎಳದ ಕೋಣಗಳ ಫೋಟೋನೂ ಐತಿ. ನಿನ್ನ ತೇಲೋ ಕೋಟ್ಯಾಗ ಕೋಣಕ್ಕ ಜಾಗ ಎಲ್ಲೈತಿ?

"ಕೋಣ ಹಾಕಿದ್ರ ಯಾರೂ ಓದಂಗಿಲ್ಲಣ್ಣ."

"ಈಗೇನು ಸಾಲು ಹಚ್ಯಾರೇನು?"

ಪಾಪ, ಸ್ವಲ್ಪ ಜೋರಾತು. ಬಸ್ಯಾ ಚಹಾ ನೋಡ್ಕೊಂತ ಕುಂತ. ಹನುಮ್ಯಾ ಸಮಾಧಾನಕ್ಕ ಕೇಳಿದ, ಈ ಗುಡ್ಡದಾಗ ಯಾರದಾರ ಅಂತ. ಕುಳ್ಳರು ಅಂತ, ಕಲ್ಲಿನ ಮನಿ ಕಟ್ಕೊಂಡು ಬಂಗಾರ ಅಗೀತಾರಂತ.

"ಬಂಗಾರ ಹಟ್ಯಾಗ ಅಗೀತಾರ. ಕುಳ್ಳರು ಹಿರೇಬೆಣಕಲ್ ಗುಡ್ಡದಾಗಿದ್ರು" ಅಂದ ಕಾಕಾ, ನಮ್ಮ ಓಣಿ ಮಂದಿ ಸುದ್ದಿ ಹೇಳಿದಂಗ.

ಆ ಕುಳ್ಳರ, ಅಂದ್ರ ಮೋರ್ಯರ ಮನಿ ಬಸ್ಯಾ ನೋಡಿಲ್ಲ. ಹಿಮರಾಜ್ಯದ ಸಂತಿ ಯಾವ ವಾರ ಅನ್ನೋದು ಗೊತ್ತು, ಇಲ್ಲಿಂದ ಬೈಕಿನಾಗ ಅರ್ಧ ತಾಸಿನ ಹಾದಿ ಗೊತ್ತಿಲ್ಲ. ನಾಲ್ಕುನೂರರ ಹತ್ತಿರ ಕಲ್ಗೋರಿ ಅದಾವು, ಎರಡು ಸಾವಿರ ವರ್ಷಕ್ಕಿಂತ ಹಿಂದಿನವು, ನಾಕೂ ಕಡಿ ಚಪ್ಪಡಿ ನಿಲ್ಲಿಸಿ ಮ್ಯಾಲೊಂದು ಮುಚ್ಯಾರ, ಕೆಲವಕ್ಕ ದುಂಡನ ಕಿಂಡಿ. 2021ರಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರೇತಿ. ನಗಾರಿ ಆಕಾರದ ಒಂದು ಬಂಡಿಗಲ್ಲು ಐತಿ, ಕಲ್ಲಿಲೆ ಬಡದ್ರ ದೂರ ಕೇಳತೈತಿ. ಓದಿದವರು ಅವು ಗೋರಿ ಅಂತಾರ, ಊರವರು ಮೋರ್ಯರು ಅನ್ನೋ ಕುಳ್ಳ ಮಂದಿ ಮನಿ ಅಂತಾರ.

"ಕುರಿ ಕಾಯೋಕ ಹೋದಾಗ ನಮ್ಮವ್ವ ಹೇಳಿ ಕಳಸ್ತಿದ್ಲು, ಆ ಕಿಂಡ್ಯಾಗ ಇಣುಕಿ ನೋಡಬ್ಯಾಡ, ಅವರು ಊಟಕ್ಕ ಕುಂತಿರ್ತಾರ ಅಂತ. ನಾ ಒಮ್ಮೆನೂ ನೋಡಲಿಲ್ಲ. ಈಗ ಮಂದಿ ಒಳಗ ಕುಂತು ಸೆಲ್ಫಿ ತಕ್ಕೊಂತಾರ" ಅಂದ ಕಾಕಾ.

ಊಟಕ್ಕ ಕುಂತಿರ್ತಾರ! ಬಸ್ಯಾನ ಎಂಬತ್ತು ಪುಟದಾಗ ಇಂಥಾ ಒಂದು ಸಾಲು ಇಲ್ಲ. ಹಂಪಿ ಹತ್ರ ನಿಂಬಾಪುರದಾಗ ಬೂದಿ ದಿಬ್ಬ ಐತಲ್ಲ, ವಾಲಿನ ಸುಟ್ಟ ಜಾಗ ಅಂತಾರ. ಅಗದು ನೋಡಿದವರು ಅದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ರಾಶಿ ಅಂತಾರ. ಇರ್ಲಿ ಬಿಡ್ರಿ. ಸಗಣಿ ಬೂದಿ ನೋಡಿ, ಇಷ್ಟು ಬೂದಿ ಆಗಬೇಕಂದ್ರ ಎಷ್ಟು ದೊಡ್ಡ ದೇಹ ಇರಬೇಕು ಅಂತ ಒಬ್ಬ ಮುದುಕಿ ಯಾವಾಗೋ ಯೋಚನಿ ಮಾಡಿರಬೇಕಲ್ಲ, ಆಕಿ ಹಂತ್ಯಾಕ ನಕ್ಷೆ ಇರಲಿಲ್ಲ, ಮೂರು ಚಂದ್ರ ಇರಲಿಲ್ಲ. ಆಕಿ ಹೇಳಿದ್ದನ್ನ ಈಗಲೂ ಮಂದಿ ಹೇಳ್ತಾರ. ಈಗ ಕಾಕಾನ ಮೊಮ್ಮಕ್ಕಳಿಗೆ ಮೋರ್ಯರ ಊಟದ ಸುದ್ದಿ ಯಾರು ಹೇಳ್ಯಾರು? ಕಾಕಾನ ಹೇಳಿಲ್ಲ, ಕೇಳಿದ್ರ "ಅವು ಬೆಂಗಳೂರಾಗ ಅದಾವು, ಫೋನಿನಾಗ ಇದನ್ನೇನು ಹೇಳೋದು" ಅಂತಾನ.

ಬಸ್ಯಾ ಜೇಬಿಂದ ಪೆನ್ನು ತಗದ. ಮಾಯಾನದಿಗೆ ಅಡ್ಡ ಒಂದು ಗೆರಿ ಹೊಡದ. "ಡ್ಯಾಮ್ ಹಾಕೀನಿ. ಈಗ?"

"ಎಡಕ್ಕ ಕಾಲುವಿ ತಗಿ. ಕಾಲುವಿಗೊಬ್ಬ ಗ್ಯಾಂಗ್‌ಮನ್ ಇಡು" ಅಂದ ಕಾಕಾ.

"ಹೆಸರು?"

"ಏನರೆ ಇಡು, ನಾಲಿಗಿ ಹೊರಳೋವಂಥದ್ದು. ಅವ ರಾತ್ರಿ ಟಾರ್ಚ್ ತಗೊಂಡು ಹೊಂಟಾನ. ಗೇಜು ನೋಡಿದ್ರ ನೀರು ಕಡಿಮಿ. ಮ್ಯಾಲೆ ಯಾರೋ ತಿರುಗಿಸ್ಯಾರ."

"ಯಾರು?" ಖಾಜಾ ಬೆಂಚಿನ ತುದಿಗೆ ಬಂದ.

"ಉದ್ದ ಕಿವಿಯವರ ಇರಬೇಕು" ಅಂದ ಹನುಮ್ಯಾ. "ಬೆಳಕು ಕುಡೀತೀವಿ ಅಂತ ಹೇಳೋದು, ರಾತ್ರಿ ಕಾಲುವಿಗೆ ಪಂಪ್‌ಸೆಟ್ ಹಚ್ಚೋದು."

ಬಸ್ಯಾ ಬರಬರ ಬರೀತಿದ್ದ, ಮೊದಲ ಸಲ ಅವನ ಲೋಕದಾಗ ಯಾರೋ ಒಬ್ಬ ನಡೀತಿದ್ದ. "ಪಂಪ್‌ಸೆಟ್ ಯಾರದು ಅಂತ ಗೊತ್ತಾತು. ಆಮ್ಯಾಲ ಕಾಕಾ? ನಿಮ್ಮ ಕಾಲುವಿ ಮ್ಯಾಲ ಯಾರು ಹಚ್ತಾರ, ಹೇಳ್ರಿ, ಹಂಗ ಬರೀತೀನಿ."

ಕಾಕಾ ಪೇಪರ್ ಮತ್ತ ಬಿಚ್ಚಿದ. "ಅದನ್ನ ಬರೀಬ್ಯಾಡಪಾ. ಅವರು ನಮ್ಮ ಬೀಗ್ರು."